ಒಂದು ಗುಂಡಿ ಅವರಿಗೆ, ಹದಿನಾಲ್ಕು ಖಾನೆ ನಮಗೆ

ಗುಂಡಿ ದುಂಡಗಿರಬೇಕೋ ಚೌಕವಾಗಿರಬೇಕೋ, ಅದಕ್ಕೆ ನೀಲಿ ಬಳಿಯಬೇಕೋ ಹಸಿರು ಬಳಿಯಬೇಕೋ ಎಂಬ ವಿಚಾರದಲ್ಲಿ ಲೋಕದ ಬುದ್ಧಿವಂತರು ಅರ್ಧ ಶತಮಾನದಿಂದ ನಿದ್ದೆಗೆಟ್ಟು ಕೂತಿದ್ದಾರೆ. 1968ರ ಡಿಸೆಂಬರಿನಲ್ಲಿ ಡಗ್ಲಾಸ್ ಎಂಗಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಮೌಸ್ ಓಡಿಸಿ ತೋರಿಸಿದ ದಿನದಿಂದ ಹತ್ತಿಕೊಂಡ ಜಗಳ ಇದು. 1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧಕರು ಆಲ್ಟೋ ಎಂಬ ಯಂತ್ರ ಮಾಡಿ ಪರದೆಯ ಮೇಲೆ ಕಿಟಕಿ ತೆರೆದರು. 1984ರಲ್ಲಿ ಆಪಲ್‌ನವರು ಮ್ಯಾಕಿಂಟಾಷ್ ತಂದು ಆ ಕಿಟಕಿಯನ್ನು ಜನಸಾಮಾನ್ಯರಿಗೆ ಮಾರಿದರು. 2012ರಲ್ಲಿ ಮೈಕ್ರೋಸಾಫ್ಟ್‌ನವರು ವಿಂಡೋಸ್ 8ರಿಂದ ಸ್ಟಾರ್ಟ್ ಗುಂಡಿಯನ್ನೇ ಕಿತ್ತುಹಾಕಿದರು. ಜಗತ್ತು ಬೊಬ್ಬೆ ಹೊಡೆಯಿತು. ಮರುವರ್ಷ 8.1ರಲ್ಲಿ ಗುಂಡಿ ತೆಪ್ಪಗೆ ಹಳೆಯ ಮೂಲೆಗೇ ಬಂದು ಕೂತಿತು. ಅಂಕೋಲೆಯಲ್ಲಿ ಮಾತ್ರ ಯಾರೂ ಬೊಬ್ಬೆ ಹೊಡೆದ ನೆನಪಿಲ್ಲ. ರಾಷ್ಟ್ರೀಯ ಹೆದ್ದಾರಿ ಇರುವ ಊರಿನವರಿಗೆ ಒಂದು ಗುಂಡಿ ಕಡಿಮೆಯಾದರೆ ದುಃಖವಾಗುವುದಿಲ್ಲ.

ಈ ಜಗಳಕ್ಕೆ ಶಾಸ್ತ್ರಗ್ರಂಥವೂ ಇದೆ. ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಮನುಷ್ಯ ತಡವರಿಸಿದರೆ ತಪ್ಪು ಬಾಗಿಲು ಮಾಡಿದವನದು ಎಂದು ಡೊನಾಲ್ಡ್ ನಾರ್ಮನ್ ಎಂಬ ಪಂಡಿತರು 1988ರಲ್ಲಿ ಪುಸ್ತಕ ಬರೆದು ಪ್ರಸಿದ್ಧರಾದರು. ನಮ್ಮ ಕಚೇರಿಗಳಿಗೆ ಆ ದೋಷ ತಟ್ಟುವುದಿಲ್ಲ. ಬಾಗಿಲು ಸದಾ ತೆರೆದೇ ಇರುತ್ತದೆ. ಒಳಗಿನ ಖಾಲಿ ಕುರ್ಚಿಯ ವಿಷಯವನ್ನು ನಾರ್ಮನ್ ಎತ್ತಿಕೊಂಡಂತಿಲ್ಲ.

ಪರದೆಯ ಮೇಲೆ ಕಾಣುವ ಫೈಲು, ಫೋಲ್ಡರು, ಬಂದ ಟಪಾಲಿನ ತಟ್ಟೆ, ಹೋಗುವ ಟಪಾಲಿನ ತಟ್ಟೆ ಎಲ್ಲ ಜೆರಾಕ್ಸ್‌ನವರು 1981ರ ಸ್ಟಾರ್ ಯಂತ್ರದಲ್ಲಿ ಅಮೆರಿಕದ ಕಚೇರಿ ಮೇಜನ್ನು ನೋಡಿ ಬಿಡಿಸಿದ್ದು. ಅದೇ ಜನ ನಮ್ಮ ಕರಾವಳಿಯ ಯಾವುದಾದರೂ ಕಚೇರಿಯಲ್ಲಿ ಒಂದು ಮಳೆಗಾಲ ಕೂತಿದ್ದರೆ ಗಣಕದ ಇತಿಹಾಸವೇ ಬೇರೆಯಾಗುತ್ತಿತ್ತು. ಫೈಲನ್ನು ಬೆರಳಿನಿಂದ ಎಳೆದರೆ ಸರಿಯುತ್ತದೆ ಎಂಬ ಭ್ರಮೆ ಅವರಿಗೆ ಹುಟ್ಟುತ್ತಿರಲಿಲ್ಲ. ಇಲ್ಲಿ ಫೈಲು ಎಳೆದರೆ ಸರಿಯುವುದಿಲ್ಲ, ಮೇಲೆ ಭಾರ ಇಟ್ಟರೆ ಓಡುತ್ತದೆ. ಭೌತಶಾಸ್ತ್ರದವರು ಬಂದು ನೋಡಬೇಕಾದ ಸಂಗತಿ. ಕಸದ ಬುಟ್ಟಿಯ ಚಿತ್ರವೂ ಬೇಕಿರಲಿಲ್ಲ, ರೆಕಾರ್ಡ್ ರೂಮು ಇದೆಯಲ್ಲ. ಎಲ್ಲಕ್ಕಿಂತ ದೊಡ್ಡ ಪ್ರಮಾದವೆಂದರೆ ಅವರು ಮೇಜಿನ ಮೇಲ್ಭಾಗವನ್ನಷ್ಟೇ ಪರದೆಗೆ ತಂದರು. ಕೆಲಸವೆಲ್ಲ ನಡೆಯುವ ಕೆಳಭಾಗವನ್ನು ಪೂರ್ತಿ ಬಿಟ್ಟುಬಿಟ್ಟರು.

ಬೆಂಗಳೂರಿನಲ್ಲಿ ಮೊಬೈಲ್ ಆ್ಯಪ್‌ಗಳ ಪರದೆ ವಿನ್ಯಾಸ ಮಾಡುವ ಅಂಕೋಲೆಯ ಹುಡುಗನೊಬ್ಬ ಬಂಡಿಹಬ್ಬಕ್ಕೆ ಊರಿಗೆ ಬಂದಾಗ ಈ ಜಗಳವನ್ನೂ ಚೀಲದಲ್ಲಿ ಹಾಕಿಕೊಂಡು ಬಂದ. ಜಗಲಿಯ ಮೇಲೆ ಅವನ ಸೋದರತ್ತೆ ಕರಿ ಈಶಾಡು ಹೆಚ್ಚುತ್ತ ಕೂತಿದ್ದರು. ಆ ಮಾವಿಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಅತ್ತೆಯ ಪಿಂಚಣಿ ಅರ್ಜಿಗೆ ಇನ್ನೂ ಯಾವ ಮಾನ್ಯತೆಯೂ ಸಿಕ್ಕಿಲ್ಲ. ಪಕ್ಕದಲ್ಲಿ ನಿವೃತ್ತ ಮಾಸ್ತರು. ಹುಡುಗ ಮೊಬೈಲ್ ಚಾಚಿ, ಒಳ್ಳೆಯ ಪರದೆಗೆ ವಿವರಣೆ ಬೇಡ, ನೋಡಿದ ಕೂಡಲೇ ತಿಳಿಯಬೇಕು, ಚಿತ್ರವೇ ಮಾತಾಡಬೇಕು ಎಂದ.

ಚಿತ್ರ ಮಾತಾಡಿತು, ಆದರೆ ಕೇಳಿದವರಿಗೆ ಬೇರೆಯದೇ ಕೇಳಿಸಿತು. ಮೇಲಿನ ಮೂಲೆಯಲ್ಲಿ ಅಡ್ಡಡ್ಡ ಮೂರು ಗೆರೆ. ಇದನ್ನು ನಾರ್ಮ್ ಕಾಕ್ಸ್ ಎಂಬಾತ ಆ ಸ್ಟಾರ್ ಯಂತ್ರಕ್ಕಾಗಿ ಬಿಡಿಸಿದ್ದು, ಈಗ ಲೋಕಕ್ಕೆಲ್ಲ ಗೊತ್ತಿರುವ ಚಿಹ್ನೆ, ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ ಎಂದು ಹುಡುಗ ವಿವರಿಸಿದ. ಮಾಸ್ತರು ಕನ್ನಡಕ ಏರಿಸಿ ನೋಡಿದರು. "ಗೋಕರ್ಣದ ಬದಿಯವರಿಗೆ ಇದು ವಿಭೂತಿ ಮಾರಾಯ. ಕೈ ಮುಗಿಯೂದು ಗೊತ್ತು, ಒತ್ತೂದು ಯಾರಿಗೆ ಹೊಳಿತದೆ?" ಹಲ್ಲುಚಕ್ರದ ಚಿತ್ರಕ್ಕೂ ಅದೇ ಗತಿ. ಬೈತಖೋಲ ಬಂದರಿನಲ್ಲಿ ಬೋಟಿನ ಎಂಜಿನ್ ಬಿಚ್ಚುವವರಿಗೆ ಹಲ್ಲುಚಕ್ರ ಕಂಡಿತೆಂದರೆ ಮುಚ್ಚಳ ತೆರೆದಿದೆ, ಬೆರಳು ಜೋಪಾನ ಎಂದು ಅರ್ಥ. ಅದನ್ನು ಮುಟ್ಟಿ ಸೆಟ್ಟಿಂಗ್ ಬದಲಿಸಿ ಎಂದರೆ ಯಾರು ಮುಟ್ಟುತ್ತಾರೆ? ಅತ್ತೆ ಮಾತ್ರ ಕೊನೆಯವರೆಗೂ ಸುಮ್ಮನಿದ್ದು, ಮನೆಯ ಚಿತ್ರದ ಮೇಲೆ ಬೆರಳಿಟ್ಟರು.

"ತಮಾ, ಇದನ್ನ ಒತ್ತಿದ್ರೆ ಎಂತ ಆಗ್ತದೆ?"

"ಮೊದಲ್ನೇ ಪುಟಕ್ಕೆ ಹೋಗ್ತದೆ ಅತ್ತೆ."

"ಇಷ್ಟೊತ್ತು ತುಂಬ್ಸಿದ್ದು?"

"ಅದು ಹೋಗ್ತದೆ."

"ಎಲ್ಲಿಗೆ?"

ಹುಡುಗನ ಕಂಪನಿ ಇದಕ್ಕೆ ಉತ್ತರ ಬರೆದಿಟ್ಟಿರಲಿಲ್ಲ. ಅಂಚಿನ ಬಿಳಿ ಜಾಗ ಎಷ್ಟಿರಬೇಕು, ನೆರಳು ಎಷ್ಟು ದಟ್ಟವಾಗಿರಬೇಕು ಎಂದು ಅವರು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ತುಂಬಿದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಆ ಚರ್ಚೆಗೆ ಬರುವುದಿಲ್ಲ. ಅವರು ಮಾವು ಹೆಚ್ಚುತ್ತಿರುತ್ತಾರೆ.

ಅತ್ತೆಯ ಅರ್ಜಿಯ ಕಥೆಗೆ ಬರೋಣ. ಅರ್ಜಿ ಆನ್‌ಲೈನ್ ಮಾತ್ರ. ಯಾವ ಇಲಾಖೆಯದು ಎಂದು ಕೇಳಬೇಡಿ, ಎಲ್ಲರ ಪುಟಗಳೂ ಒಂದೇ ತಾಯಿಯ ಮಕ್ಕಳ ಹಾಗಿವೆ. ಮೇಲೆ ದೊಡ್ಡವರ ಫೋಟೊ, ಅದರ ಕೆಳಗೆ ಬಲದಿಂದ ಎಡಕ್ಕೆ ಓಡುವ ಸಾಲು. ಓದಿ ಮುಗಿಸುವಷ್ಟರಲ್ಲಿ ಅದು ಪರದೆ ದಾಟಿರುತ್ತದೆ. ಮೂಲೆಯಲ್ಲಿ "ಕನ್ನಡ" ಎಂಬ ಗುಂಡಿ. ಒತ್ತಿದರೆ ದೊಡ್ಡವರ ಹೆಸರು ಕನ್ನಡಕ್ಕೆ ತಿರುಗುತ್ತದೆ, ತಪ್ಪಾದಾಗ ಬರುವ ಕೆಂಪು ಅಕ್ಷರ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಹೊಗಳಿಕೆ ತಾಯ್ನುಡಿಯಲ್ಲಿ, ಬೈಗುಳ ಪರಭಾಷೆಯಲ್ಲಿ. ಇದೊಂದು ದೃಷ್ಟಿಯಿಂದ ಸಭ್ಯತೆಯೇ.

ಆಮೇಲೆ ಹೆಸರಿನ ಖಾನೆ. ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಹಾಗಾಗಿ ಕಾರವಾರ ಅಂಕೋಲೆಯವರು ಹೆಸರು ಬರೆಯುವುದು ಮುಂಬಯಿ ಕಡೆಯ ಕ್ರಮದಲ್ಲಿ: ಮೊದಲು ತಾನು, ನಡುವೆ ಅಪ್ಪ, ಕೊನೆಗೆ ಅಡ್ಡಹೆಸರು. ಬೆಂಗಳೂರಿನಲ್ಲಿ ಖಾನೆ ಕೊರೆಯುವವರಿಗೆ ಬೇಕಾದದ್ದು ಇನಿಶಿಯಲ್. ಅಪ್ಪನನ್ನು ಒಂದಕ್ಷರಕ್ಕೆ ಇಳಿಸಿದರೆ ಪಹಣಿಯ ಜತೆ ತಾಳೆಯಾಗುವುದಿಲ್ಲ, ಪೂರ್ತಿ ಬರೆದರೆ ಆಧಾರ್ ಜತೆ ತಾಳೆಯಾಗುವುದಿಲ್ಲ. ಅಡ್ಡಹೆಸರಿನ ಪಾಡು ಇನ್ನೂ ಚೆಂದ. ನಾಯಕರಲ್ಲಿ ಇಂಗ್ಲಿಷಿನ ವೈ ಹಾಕುವವರಿದ್ದಾರೆ, ನಾಯ್ಕರಲ್ಲಿ ಐ ಹಾಕುವವರಿದ್ದಾರೆ, ಶಾಲೆಗೆ ಸೇರಿಸಿದ ದಿನ ಮಾಸ್ತರ ಪೆನ್ನು ಹೇಗೆ ಓಡಿತೋ ಹಾಗೆ ಹಾಕಿಕೊಂಡವರೂ ಇದ್ದಾರೆ. ಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ಕನ್ನಡದಲ್ಲಿ ಹುಡುಕೋಣವೆಂದು ಅಂಕೋಲೆಯಲ್ಲಿ "ನಾಯಕ" ಎಂದು ಒತ್ತಿದರೆ ಉತ್ತರ ಬರುವುದಿಲ್ಲ, ಜನಗಣತಿ ಬರುತ್ತದೆ.

ಪಹಣಿ ತೆಗೆಯುವ ಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಆದ ಮೇಲೆ ಸರ್ನಾಕ್ ಎಂಬ ಖಾನೆ ಬರುತ್ತದೆ. ಅದು ಏನೆಂದು ಕೇಳಿದರೆ ರೈತ ನಕ್ಕು ಸುಮ್ಮನಾಗುತ್ತಾನೆ. ಒಳಗೆ ಬಹುಮಟ್ಟಿಗೆ ಒಂದು ನಕ್ಷತ್ರದ ಗುರುತು ಇರುತ್ತದೆ, ಅದನ್ನು ಆರಿಸಿ ಮುಂದೆ ಹೋಗಬೇಕು. ಜಾತಕದಲ್ಲಿ ನಕ್ಷತ್ರ ಕೇಳುವಾಗಲಾದರೂ ಯಾವ ನಕ್ಷತ್ರವೆಂದು ಕೇಳುತ್ತಾರೆ.

ಇಷ್ಟೆಲ್ಲ ದಾಟಿ ಅತ್ತೆ ಕೊನೆಗೆ ಹೋದದ್ದು ಪೇಟೆಯ ಸೈಬರ್ ಅಂಗಡಿಗೆ. ಅಲ್ಲಿ ಕೂತ ಹುಡುಗಿಯ ಬೆರಳು ಕೀಲಿಮಣೆಯ ಮೇಲೆ ಮಳೆ ಬಿದ್ದಂತೆ ಓಡುತ್ತದೆ. ಮೊಬೈಲು ತೆಗೆಯುವ ಫೋಟೊ ನಾಲ್ಕು ಎಂಬಿ, ಪುಟ ಒಪ್ಪುವುದು ಐವತ್ತು ಕೆಬಿ. ನಡುವಿನ ವ್ಯತ್ಯಾಸವೇ ಅವಳ ಅನ್ನ. ಎಲ್ಲ ತುಂಬಿಸಿ, "ಓಟಿಪಿ ಹೇಳಿ" ಎಂದಳು. ಓಟಿಪಿ ಮಗನ ಮೊಬೈಲಿಗೆ ಹೋಗಿತ್ತು. ಮಗ ಮಡಗಾಂವಿನಲ್ಲಿ ಡ್ಯೂಟಿಯಲ್ಲಿದ್ದ. ಕಾರವಾರ ಅಂಕೋಲೆಯ ಅರ್ಧ ತರುಣರು ಗೋವಾದಲ್ಲಿ ದುಡಿಯುತ್ತಾರೆ, ಅವರ ಅಪ್ಪ ಅವ್ವಂದಿರ ಓಟಿಪಿಗಳೂ ಅಲ್ಲೇ ದುಡಿಯುತ್ತವೆ. ಫೋನು ಹತ್ತಲಿಲ್ಲ. ಮತ್ತೆ ಹಚ್ಚಿದರು. ಅವನು ತಿರುಗಿ ಹಚ್ಚಿದಾಗ ಅತ್ತೆ ಮೊಬೈಲನ್ನು ತಮ್ಮ ಕಿವಿಯಿಂದ ತೆಗೆದು ಹುಡುಗಿಯ ಕಿವಿಗೆ ಹಿಡಿದರು. ಅವನು ಹೇಳಿದ ಆರು ಅಂಕೆಯಲ್ಲಿ ನಾಲ್ಕು ಹೊಡೆಯುವಷ್ಟರಲ್ಲಿ ಪರದೆ ಬಿಳುಚಿಕೊಂಡು, ನಿಮ್ಮ ಸಮಯ ಮುಗಿದಿದೆ ಎಂದಿತು. "ಅವ್ನ ಡ್ಯೂಟಿ ಸಮಯ ಹತ್ತು ಗಂಟೆಗೆ ಮುಗೀತದ್ರಾ, ನಂದೆಲ್ಲಿ ಮುಗೀತು?" ಎಂದು ಅತ್ತೆ ಕೇಳಿದ್ದಕ್ಕೆ ಹುಡುಗಿ ಉತ್ತರಿಸದೆ ಮತ್ತೆ ಮೊದಲಿನಿಂದ ಜಿಲ್ಲೆ ಆರಿಸಿದಳು. ಪಟ್ಟಿಯಲ್ಲಿ ಉತ್ತರ ಕನ್ನಡ ಬಹಳ ಕೆಳಗೆ ಇರುತ್ತದೆ.

ಕಡತಗಳಿಂದ ತುಣುಕು ಕತ್ತರಿಸಿ ಅಂಟಿಸುವ ಉಪಾಯ ಕಂಡುಕೊಂಡವರಲ್ಲೊಬ್ಬರು ಲ್ಯಾರಿ ಟೆಸ್ಲರ್. ಜೆರಾಕ್ಸ್‌ನಲ್ಲೂ ಆಪಲ್‌ನಲ್ಲೂ ಕೆಲಸ ಮಾಡಿ 2020ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಒಂದು ನಿಯಮವಿದೆ. ಯಾವುದೇ ಕೆಲಸದ ತೊಡಕನ್ನು ಒಂದು ಮಟ್ಟದಿಂದಾಚೆ ಕಡಿಮೆ ಮಾಡಲಾಗದು, ಅದನ್ನು ಯಾರಾದರೂ ಹೊರಲೇಬೇಕು. ಯಂತ್ರ ಮಾಡುವವನು ಹೊರಬೇಕೋ ಬಳಸುವವನು ಹೊರಬೇಕೋ ಎಂಬುದಷ್ಟೇ ಪ್ರಶ್ನೆ. ಎಂಜಿನಿಯರ್ ಒಬ್ಬ ಒಂದು ವಾರ ಹೆಚ್ಚು ದುಡಿದರೂ ಸರಿ, ಲಕ್ಷಾಂತರ ಜನರ ಒಂದೊಂದು ನಿಮಿಷ ಉಳಿಯಬೇಕು ಎಂಬುದು ಟೆಸ್ಲರ್ ಕಡೆಯ ವಾದ. ನಮ್ಮಲ್ಲೂ ನಿಯಮ ಅದೇ, ಲೆಕ್ಕ ಮಾತ್ರ ತಿರುಗಾಮುರುಗಾ. ಸಭೆಗೆ ಬಾರದವರ ಹೆಗಲಿಗೆ ಹೊರೆ ಹಾಕುವುದು.

ಕೊಂಕಣ ರೈಲ್ವೆಯ ನಿಲ್ದಾಣದ ಟಿಕೆಟ್ ಕಿಂಡಿಯನ್ನು ನೋಡಿ. ಒಳಗಿರುವವನು ಬಹಳ ಕಾಲ ಚಿತ್ರವಿಲ್ಲದ ಬರೀ ಅಕ್ಷರದ ಪರದೆಯ ಮೇಲೆ ಕೆಎಡಬ್ಲ್ಯೂಆರ್ ಎಂದರೆ ಕಾರವಾರ, ಎಎನ್‌ಕೆಎಲ್ ಎಂದರೆ ಅಂಕೋಲಾ ಎಂದು ಸಂಕೇತ ಬಾಯಿಪಾಠ ಮಾಡಿ ಒತ್ತಿದ. ವಿನ್ಯಾಸಕಾರರು ನೋಡಿದರೆ ಮೂರ್ಛೆ ಹೋಗುವಂಥ ಪರದೆ. ಹೊರಗಿನವನಿಗೆ ಮಾತ್ರ "ಬೆಂಗ್ಳೂರಿಗೆ ಎರಡು" ಎಂದರೆ ಸಾಕಿತ್ತು. ಆಗ ತೊಡಕನ್ನು ಸಂಬಳದವನು ಹೊರುತ್ತಿದ್ದ. ಈಗ ಅದೇ ತೊಡಕಿಗೆ ಬಣ್ಣ ಬಳಿದು, ಮೂರು ಗೆರೆ ವಿಭೂತಿ ಹಚ್ಚಿ, ನಮ್ಮ ಅಂಗೈಯಲ್ಲಿಟ್ಟು, ಜನರ ಕೈಗೆ ಅಧಿಕಾರ ಬಂತು ಎನ್ನುತ್ತಾರೆ.

ನಮ್ಮ ಸರ್ಕಾರಗಳಿಗೆ ಸುಲಭವಾದ ಯಂತ್ರ ಮಾಡಲು ಬರುವುದಿಲ್ಲ ಎಂದು ಮಾತ್ರ ಯಾರೂ ಹೇಳಕೂಡದು. ಅದು ಶುದ್ಧ ಅಪಪ್ರಚಾರ. ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾಗುವ ಮತಯಂತ್ರವನ್ನು ನೋಡಿ. ಹೆಸರು, ಅದರ ಪಕ್ಕ ಚಿಹ್ನೆ, ಅದರ ಪಕ್ಕ ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ, ಕೂಗು, ಪಕ್ಕದ ಪೆಟ್ಟಿಗೆಯ ಗಾಜಿನೊಳಗೆ ಏಳು ಸೆಕೆಂಡು ನಿಂತು ತೋರಿಸಿ ಬೀಳುವ ಚೀಟಿ. ಕಣ್ಣು ಕಾಣದವರಿಗೆ ಬ್ರೈಲ್ ಅಕ್ಷರ. ಪಾಸ್‌ವರ್ಡ್ ಇಲ್ಲ, ಓಟಿಪಿ ಇಲ್ಲ, ಸೊಟ್ಟ ಅಕ್ಷರ ಓದಿ ನಾನು ಮನುಷ್ಯ ಎಂದು ಸಾಬೀತು ಮಾಡಬೇಕಿಲ್ಲ. 1951-52ರ ಮೊದಲ ಚುನಾವಣೆಯಲ್ಲಿ ಓದಲು ಬಾರದವರಿಗಾಗಿ ಒಬ್ಬೊಬ್ಬ ಅಭ್ಯರ್ಥಿಗೆ ಚಿಹ್ನೆ ಅಂಟಿಸಿದ ಒಂದೊಂದು ಪೆಟ್ಟಿಗೆಯನ್ನೇ ಇಟ್ಟಿದ್ದರು. ಜೆರಾಕ್ಸ್‌ನವರು ಚಿತ್ರ ಬಿಡಿಸಲು ಕೂರುವ ಮೂರು ದಶಕ ಮೊದಲೇ ನಮ್ಮ ಅಜ್ಜಿಯರು ಚಿತ್ರ ನೋಡಿ ಕೆಲಸ ಮುಗಿಸಿದ್ದರು. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಸಿದ ಯಂತ್ರ 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದ ಎಲ್ಲ ಮತಗಟ್ಟೆಗೂ ಬಂತು. ಸಿಬ್ಬಂದಿ ಅದನ್ನು ಹೊತ್ತುಕೊಂಡು ಘಟ್ಟದ ಬುಡದ ಕೊನೆಯ ಕೇರಿಗೂ ಬರುತ್ತಾರೆ. ವಿನ್ಯಾಸಶಾಸ್ತ್ರದ ಪಂಡಿತ ಜೇಕಬ್ ನೀಲ್ಸನ್ 1994ರಲ್ಲಿ ಬರೆದ ಹತ್ತು ಸೂತ್ರಗಳಲ್ಲಿ ಈ ಯಂತ್ರ ಮುರಿಯುವುದು ಒಂದನ್ನು: ಮಾಡಿದ್ದನ್ನು ಹಿಂತೆಗೆದುಕೊಳ್ಳುವ ದಾರಿ ಇಟ್ಟಿಲ್ಲ. ಐದು ವರ್ಷ ಕಾಯಬೇಕು.

ಅಂದರೆ ಕಾರವಾರ ಕ್ಷೇತ್ರದ ಮತದಾರನಿಂದ ಏನಾದರೂ ಬೇಕಾದಾಗ ಯಂತ್ರ ಅವನ ಮನೆಬಾಗಿಲಿಗೆ ಬರುತ್ತದೆ, ಅದರಲ್ಲಿ ಒತ್ತಬೇಕಾದದ್ದು ಒಂದೇ ಒಂದು ಗುಂಡಿ. ಅದೇ ಮತದಾರನಿಗೆ ಏನಾದರೂ ಬೇಕಾದಾಗ ಅವನೇ ಯಂತ್ರದ ಬಳಿ ಹೋಗಬೇಕು, ಅದರಲ್ಲಿ ಹದಿನಾಲ್ಕು ಖಾನೆ ಮತ್ತು ಒಂದು ನಕ್ಷತ್ರ. ಯಾವ ಪರದೆ ಸುಲಭ, ಯಾವುದು ಕಷ್ಟ ಎಂದು ಪಂಡಿತರು ವಾದಿಸುವಾಗ ಬಣ್ಣ ನೋಡುತ್ತಾರೆ, ಅಳತೆ ನೋಡುತ್ತಾರೆ. ಗರಜು ಯಾರದು ಎಂದು ನೋಡಿದ್ದರೆ ವಾದ ಮೊದಲ ಚಹಾಕ್ಕೇ ಮುಗಿಯುತ್ತಿತ್ತು. ದುಡ್ಡು ಕಟ್ಟುವ ಗುಂಡಿ ಮೊದಲ ಪರದೆಯಲ್ಲೇ ಹೊಳೆಯುತ್ತಿರುತ್ತದೆ. ಕಟ್ಟಿದ ದುಡ್ಡು ತಪ್ಪಿ ಎಲ್ಲೋ ಹೋದರೆ, ದೂರುವ ಗುಂಡಿ ಮೂರು ಗೆರೆಯ ಒಳಗೆ, ಸಹಾಯದ ಒಳಗೆ, ಪದೇ ಪದೇ ಕೇಳುವ ಪ್ರಶ್ನೆಗಳ ಕೆಳಗೆ.

ಕಾರವಾರದ ಮೀನುಪೇಟೆಗೆ ಹೋದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಬಂಗಡೆಯ ಬುಟ್ಟಿಯ ಮುಂದೆ ಕೂತ, ಮೀನು ಮಾರುವ ಬಾಯಿಯ ಎರಡೂ ಕೈ ಒದ್ದೆ, ಮೊಣಕೈವರೆಗೆ ಹೊರಪೆ. ಬುಟ್ಟಿಯ ಅಂಚಿಗೆ ಪ್ಲಾಸ್ಟಿಕ್ ಸುತ್ತಿದ ಕ್ಯೂಆರ್ ಹಾಳೆ, ಪಕ್ಕದಲ್ಲಿ ಮಾತಾಡುವ ಡಬ್ಬಿ. ಗಿರಾಕಿ ಮೊಬೈಲ್ ಹಿಡಿದು ಒದ್ದಾಡುತ್ತಾನೆ, ಡಬ್ಬಿ "ಇನ್ನೂರು ರೂಪಾಯಿ ಬಂದಿದೆ" ಎಂದು ಕೂಗುತ್ತದೆ, ಅವಳು ತಲೆ ಎತ್ತದೆ ಮುಂದಿನ ಮೀನಿನ ಕಿವಿರಿಗೆ ಕತ್ತಿ ಹಾಕುತ್ತಾಳೆ. ನೋಡಬೇಕಾದ ಪರದೆಯೇ ಇಲ್ಲ. 2016ರಲ್ಲಿ ಯುಪಿಐ ಬಂದಾಗ ಇಂಥವರಿಗೆ ಇದು ಒಗ್ಗುವುದಿಲ್ಲ, ಇವರಿಗೆ ತಿಳಿವಳಿಕೆ ಶಿಬಿರ ಬೇಕು ಎಂದು ಭಾಷಣ ಮಾಡಿದವರು ಬಹಳ ಮಂದಿ. ಶಿಬಿರ ಬೇಕಾಗಲಿಲ್ಲ. ಅವಳು ಒಲ್ಲೆನೆಂದರೆ ವ್ಯಾಪಾರ ಕೆಡುವುದು ಡಬ್ಬಿಯವರದು. ಹಾಗಾಗಿ ಡಬ್ಬಿಯವರೇ ಬಂದು ಅವಳ ಭಾಷೆ ಕಲಿತರು. ಇದೇ ಬಾಯಿ ಪಡಿತರ ಅಂಗಡಿಗೆ ಹೋದಾಗ ಮೀನು ಕೊಯ್ದು ಸವೆದ ಬೆರಳನ್ನು ಯಂತ್ರ ಗುರುತು ಹಿಡಿಯುವುದಿಲ್ಲ. ಒರೆಸಿ ಇಡಿ, ಒತ್ತಿ ಇಡಿ, ಬೇರೆ ಬೆರಳು ಇಡಿ, ನಾಳೆ ಬನ್ನಿ. ಅಲ್ಲಿ ಒಲ್ಲೆನೆಂದರೆ ಹಸಿಯುವವಳು ಅವಳು.

ಬೋಟಿನವರ ಮಾತೂ ಇಷ್ಟೇ. ಬೈತಖೋಲದಿಂದ ಹೊರಡುವ ಬೋಟುಗಳಲ್ಲಿ ಜಿಪಿಎಸ್ ಇದೆ, ಮೀನು ಹುಡುಕುವ ಫೈಂಡರ್ ಇದೆ, ವಾಯರ್‌ಲೆಸ್ ಇದೆ. ಫೈಂಡರಿನ ಮೆನು ಪೂರ್ತಿ ಇಂಗ್ಲಿಷು, ಗುಂಡಿಗಳು ಇರುವೆಯ ಗಾತ್ರ. ಶಾಸ್ತ್ರದ ಪ್ರಕಾರ ಶಾಲೆ ಬಿಟ್ಟು ಬೋಟು ನಡೆಸುವ ತಾಂಡೇಲನಿಗೆ ಅದು ಅರ್ಥವಾಗಲೇಬಾರದು. ಅವನೋ ಕತ್ತಲೆಯಲ್ಲಿ, ಓಲಾಡುವ ಬೋಟಿನಲ್ಲಿ, ಬೀಡಿ ಬಾಯಲ್ಲಿಟ್ಟುಕೊಂಡೇ ಪರದೆ ಮೇಲಿನ ಕೆಂಪು ಮಚ್ಚೆ ನೋಡಿ ಹಿಂಡು ದಟ್ಟವಾಗಿದೆ, ನೀಲಿ ನೋಡಿ ಹುರುಳಿಲ್ಲ ಎನ್ನುತ್ತಾನೆ; ಬಲೆ ಹರಿಯುವ ಬಂಡೆ ಸಿಕ್ಕಲ್ಲಿ ಪಾಯಿಂಟ್ ಹಾಕಿಡುತ್ತಾನೆ. ಕಷ್ಟದ ಯಂತ್ರ ಅವನಿಗೆ ಸುಲಭವಾದದ್ದು ಅದು ಮೀನು ಕೊಟ್ಟದ್ದಕ್ಕೆ. ಹುಸಿ ಹೇಳಿದರೆ ಮಾರಿದವನ ಅಂಗಡಿಯ ಮೇಜಿಗೆ ವಾಪಸು ಬಂದು ಬೀಳುತ್ತದೆ ಎಂದು ಮಾರಿದವನಿಗೂ ಗೊತ್ತು. ಸರ್ಕಾರಿ ಪುಟವನ್ನು ಹಾಗೆ ಯಾರ ಮೇಜಿಗೆ ಎಸೆಯುವುದು?

ಒಂದು ಸಲ ಮಾತ್ರ ನಮ್ಮ ಸರ್ಕಾರ ಹಾದಿ ತಪ್ಪಿ ಒಳ್ಳೆಯ ಕೆಲಸ ಮಾಡಿತ್ತು. ಸುಮಾರು 2000ದ ಹೊತ್ತಿಗೆ ಭೂಮಿ ಯೋಜನೆ ಬಂತು. 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗ್ರಾಮ ಲೆಕ್ಕಿಗರ ಕಪಾಟಿನಿಂದ ಗಣಕಕ್ಕೆ ಏರಿದವು. ಹದಿನೈದು ರೂಪಾಯಿಗೆ ಪಹಣಿ. ದೇಶ ವಿದೇಶದ ಅಧ್ಯಯನಕಾರರು ಬಂದು ಹೊಗಳಿ ಹೋದರು. ಅದರಲ್ಲಿದ್ದ ಒಂದು ಸಣ್ಣ ಸಂಗತಿ ನನಗೆ ಈಗಲೂ ಸೋಜಿಗ. ಕಿಂಡಿಯಲ್ಲಿ ಎರಡು ಪರದೆ ಇಡುವ ಏರ್ಪಾಡಿತ್ತು. ಒಂದರ ಮುಖ ಗುಮಾಸ್ತನ ಕಡೆ, ಇನ್ನೊಂದರ ಮುಖ ರೈತನ ಕಡೆ. ಒಳಗೆ ಅವನು ಏನು ಒತ್ತುತ್ತಿದ್ದಾನೋ ಅದು ಹೊರಗೆ ನಿಂತವನಿಗೂ ಕಾಣಬೇಕು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಹೋಗುವಂತೆ ಯಂತ್ರವೇ ಕಟ್ಟು ಹಾಕಿತ್ತು, ಭಾರ ಇಟ್ಟ ಫೈಲು ಹಾರಿ ಮುಂದೆ ಹೋಗುವಂತಿರಲಿಲ್ಲ. ರೈತನ ಕಡೆಗಿನ ಪರದೆಯಲ್ಲಿ ಬಿಳಿ ಜಾಗ ಎಷ್ಟಿತ್ತು, ಅಕ್ಷರ ಯಾವ ಅಳತೆಯದು ಎಂದು ಯಾರೂ ಬರೆದಿಡಲಿಲ್ಲ. ಅವನಿಗೆ ಓದಲು ಬಾರದಿದ್ದರೂ ನಷ್ಟವಿಲ್ಲ. ನೋಡುತ್ತಿದ್ದಾನೆ ಎಂಬುದು ಒಳಗಿನವನಿಗೆ ಗೊತ್ತಿದ್ದರೆ ಸಾಕಿತ್ತು.

ಆ ಎರಡನೆಯ ಪರದೆಯನ್ನು ಈಗಿನ ಆ್ಯಪ್‌ಗಳಲ್ಲೂ ಇಡಬಹುದಲ್ಲ ಎಂದು ಡಿಸೈನರ್ ಹುಡುಗನನ್ನು ಮಾಸ್ತರು ಕೇಳಿದರು. ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಎಂದಿನಿಂದ ಇದೆ, ಅವರ ಹೆಸರೇನು, ಅವರು ಊಟಕ್ಕೆ ಹೋಗಿದ್ದಾರೋ ಹೇಗೆ. ಹುಡುಗ ತಾಂತ್ರಿಕವಾಗಿ ಬಹಳ ಸುಲಭ ಸರ್ ಎಂದ. ಸ್ವಲ್ಪ ಹೊತ್ತು ಬಿಟ್ಟು, ಆದರೆ ಕ್ಲೈಂಟ್ ಒಪ್ಪುವುದಿಲ್ಲ ಎಂದ. ಬದಲಿಗೆ ಅವರು ಒಪ್ಪಿದ್ದು "ಪ್ರಕ್ರಿಯೆಯಲ್ಲಿದೆ" ಎಂಬ ಒಂದು ಪದ, ಪಕ್ಕದಲ್ಲಿ ಗಿರಗಿರ ತಿರುಗುವ ಒಂದು ವೃತ್ತ. ವೃತ್ತ ಎಷ್ಟು ವೇಗದಲ್ಲಿ ತಿರುಗಿದರೆ ಕಾಯುವವರಿಗೆ ಸಮಾಧಾನವಾಗುತ್ತದೆ ಎಂಬುದರ ಮೇಲೆ ಅವರ ಕಂಪನಿಯಲ್ಲಿ ಪ್ರತ್ಯೇಕ ತಂಡವೇ ಇದೆಯಂತೆ.

ಹಾಗಾಗಿ ಮಾಸ್ತರು ಬೇರೆ ಒಂದು ಮನವಿ ಸಿದ್ಧಪಡಿಸಿದ್ದಾರೆ. ಇನ್ನು ಮುಂದೆ ಯಾವುದೇ ಆ್ಯಪು, ಪುಟ ಬಿಡುಗಡೆಯಾಗುವ ಮೊದಲು ಅದರ ಪರೀಕ್ಷೆ ಕಾರವಾರದ ಭಾನುವಾರದ ಸಂತೆಯಲ್ಲಿ, ಜುಲೈ ತಿಂಗಳಲ್ಲಿ ನಡೆಯತಕ್ಕದ್ದು. ಪರೀಕ್ಷೆಗೆ ಕೂರುವವರು ಅದನ್ನು ಮಂಜೂರು ಮಾಡಿದ ಅಧಿಕಾರಿಗಳೇ ಆಗಿರತಕ್ಕದ್ದು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಗೆ ಬಂಗಡೆಯ ಹೊರಪೆ. ಸಿಗ್ನಲ್ ಇದ್ದಷ್ಟು, ಕರೆಂಟು ಹೆಸ್ಕಾಂ ಕೊಟ್ಟಷ್ಟು. ಅಧಿಕಾರಿಗಳ ಓಟಿಪಿಯನ್ನು ಅವರ ಮಕ್ಕಳ ಮೊಬೈಲಿಗೆ ಕಳುಹಿಸಲಾಗುವುದು. ಅರ್ಜಿ ಪೂರ್ತಿ ಮಾಡಿದವರಿಗೆ ಮಾತ್ರ ಆ ತಿಂಗಳ ಸಂಬಳದ ಗುಂಡಿ ತೆರೆದುಕೊಳ್ಳುವುದು. ಸಲ್ಲಿಸಿದ ಆನ್‌ಲೈನ್ ಅರ್ಜಿಯ ಎರಡು ಜೆರಾಕ್ಸ್ ಪ್ರತಿಗಳನ್ನು, ಸ್ವಯಂ ದೃಢೀಕರಿಸಿ, ಖುದ್ದಾಗಿ ಹಾಜರುಪಡಿಸಬೇಕು. ಜೆರಾಕ್ಸ್ ಅಂಗಡಿ ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕಿರುತ್ತದೆ.

ಈ ಮನವಿಯನ್ನು ಖುದ್ದಾಗಿ ಕೊಡಲು ಹೋದ ಮಾಸ್ತರಿಗೆ, ಮನವಿಗಳನ್ನು ಈಗ ಆನ್‌ಲೈನ್‌ನಲ್ಲಿ ಮಾತ್ರ ತೆಗೆದುಕೊಳ್ಳುವುದು ಎಂದು ಹೇಳಿ ಕಳುಹಿಸಿದ್ದಾರೆ.